ಹಿಜಾಜ್ ರೈಲು ಕಟ್ಟಿದ ಜರ್ಮನ್ ಪಾಷಾ: ಹಳಿಗಿಂತ ನೀರಿನ ಲೆಕ್ಕವೇ ದೊಡ್ಡದು

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರ್, ವಯಸ್ಸು 29. ಐದು ವರ್ಷದಿಂದ ಉತ್ತರ ಕರ್ನಾಟಕದಲ್ಲಿ ರೈಲ್ವೆ ಜೋಡಿ ಹಳಿ ಕಾಮಗಾರಿಯ ಗುತ್ತಿಗೆದಾರರೊಬ್ಬರ ಬಳಿ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಈಗ ಸೌದಿ ಅರೇಬಿಯಾದ ಮರುಭೂಮಿ ಮಾರ್ಗವೊಂದಕ್ಕೆ ಕರೆ ಬಂದಿದೆ. ಬೆಂಗಳೂರಿನಲ್ಲಿ ನಮ್ಮ ಮನೆ ಇರುವುದು ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಹತ್ತಿರ. ಆ ಸೈನಿಕರು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈಫಾದ (ಇಂದಿನ ಇಸ್ರೇಲಿನ ಬಂದರು) ಬಗ್ಗೆ ಓದುತ್ತಾ, ಡಮಾಸ್ಕಸ್‌ನಿಂದ ಮದೀನಾಕ್ಕೆ ಹಾಕಿದ ಹಿಜಾಜ್ ರೈಲು, ಅದನ್ನು ಕಟ್ಟಿದ ಮೈಸ್ನರ್ ಪಾಷಾ ಎಂಬ ಜರ್ಮನ್ ಇಂಜಿನಿಯರ್ ತನಕ ಬಂದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದು ಜರ್ಮನಿಯ ದುಡ್ಡಿನ ರೈಲು ಎನ್ನುತ್ತಾರೆ. 1,050 ಮಿ.ಮೀ. ಎಂಬ ವಿಚಿತ್ರ ಗೇಜ್ (ಎರಡು ಹಳಿಗಳ ನಡುವಿನ ಅಂತರ) ಶತ್ರುಗಳ ರೈಲು ಬಾರದಿರಲೆಂದು ಮಾಡಿದ ತಂತ್ರ, ಹಳಿಯ ಕೆಳಗೆ ಅಡ್ಡಲಾಗಿ ಕಬ್ಬಿಣದ ಸ್ಲೀಪರ್ ಹಾಕಿದ್ದು ಮರ ಕದಿಯುತ್ತಿದ್ದರು ಅಂತ, ಪಾಷಾ ಮತ ಬದಲಿಸಿ ಮದೀನಾ ತಲುಪಿದ, ಕೊನೆಗೆ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಬಾಂಬಿಟ್ಟು ರೈಲನ್ನೇ ಮುಗಿಸಿದ ಎಂದೂ ಓದಿದೆ. ಇದರಲ್ಲಿ ನಿಜ ಎಷ್ಟು? ನನಗೆ ಮರಳಿನ ಅನುಭವ ಇಲ್ಲ. ‘ಅಲ್ಲಿ ಹೋಗಿ ಕಲಿತರಾಯಿತು’ ಎಂದು ಕಂಪನಿಯವರು ಹೇಳುತ್ತಾರೆ. ಆ ಮನುಷ್ಯ ಹೇಗೆ ನಿಭಾಯಿಸಿದ?

ಉತ್ತರ: ನೀವು ಕೇಳಿರುವುದು ಇತಿಹಾಸವಾದರೂ ಒಳಗಿರುವ ಚಿಂತೆ ಬೇರೆ. ಗೊತ್ತಿಲ್ಲದ ನೆಲದಲ್ಲಿ, ಮಾತು ಬಾರದ ಜನರ ನಡುವೆ, ಮಳೆಯ ಲೆಕ್ಕವೂ ಸಿಗದ ಕಡೆ ನಿಮ್ಮ ವಿದ್ಯೆ ಉಪಯೋಗಕ್ಕೆ ಬರುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಹಾಗಾಗಿ ಕಟ್ಟುಕತೆಗಳನ್ನು ಬಿಡಿಸುತ್ತಲೇ ಕೆಲಸ ಹೇಗೆ ನಡೆಯಿತು ಎಂಬುದರ ಮೇಲೆ ಹೆಚ್ಚು ಹೇಳುತ್ತೇನೆ.

ಹೈನ್‌ರಿಶ್ ಆಗಸ್ಟ್ ಮೈಸ್ನರ್ ಹುಟ್ಟಿದ್ದು 1862ರಲ್ಲಿ, ಲೈಪ್‌ಜಿಗ್‌ನಲ್ಲಿ. ಸಿವಿಲ್ ಓದಿದ್ದು ಡ್ರೆಸ್‌ಡನ್‌ನಲ್ಲಿ. 1880ರ ದಶಕದಲ್ಲೇ ಆಟೊಮನ್ ಸಾಮ್ರಾಜ್ಯಕ್ಕೆ, ಅಂದರೆ ಟರ್ಕಿಯ ಸುಲ್ತಾನರ ನಾಡಿಗೆ ಹೋದರು. ಮೊದಲು ಕೆಲಸ ಮಾಡಿದ್ದು ಇಂದಿನ ಗ್ರೀಸ್ ಕಡೆಯ ಮಾರ್ಗಗಳಲ್ಲಿ. ಸಾಲೊನಿಕದಿಂದ ಮೊನಾಸ್ಟಿರ್‌ಗೆ ಹೋಗುವ ರೈಲು ಅವುಗಳಲ್ಲೊಂದು. ಟರ್ಕಿಶ್ ಭಾಷೆ ಚೆನ್ನಾಗಿ ಕಲಿತಿದ್ದರು. ಅಂದರೆ ಹಿಜಾಜ್ ಕೆಲಸ ಕೈಗೆ ಬರುವ ಹೊತ್ತಿಗೆ ಅವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಆ ನಾಡಿನ ಗುತ್ತಿಗೆದಾರರು, ಅಧಿಕಾರಿಗಳು, ಕಲ್ಲುಕುಟಿಗರ ಜೊತೆ ಪಳಗಿದವರು. ಜರ್ಮನಿಯಿಂದ ನೇರವಾಗಿ ಮರಳುಗಾಡಿಗೆ ಬಂದಿಳಿದವರಲ್ಲ. ಈ ಒಂದು ಅಂಶವನ್ನು ಅವರ ಬಗ್ಗೆ ಬರೆಯುವ ಬಹಳ ಜನ ಬಿಟ್ಟುಬಿಡುತ್ತಾರೆ.

ಇನ್ನು ದುಡ್ಡಿನ ವಿಷಯ. ಜನ ಇಲ್ಲಿ ಎರಡು ರೈಲುಗಳನ್ನು ಕಲಸಿಬಿಡುತ್ತಾರೆ. ಬಾಗ್ದಾದ್ ರೈಲಿನ ಹಿಂದೆ ಜರ್ಮನಿಯ ಡಾಯ್ಚ ಬ್ಯಾಂಕ್ ಇತ್ತು. ಹಿಜಾಜ್ ರೈಲು ಹಾಗಲ್ಲ. ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ 1900ರಲ್ಲಿ ಅದನ್ನು ಸಾರಿದ್ದೇ ಮುಸಲ್ಮಾನರ ಸ್ವಂತ ರೈಲು ಎಂದು. ದೇಣಿಗೆ, ಸ್ಟಾಂಪ್ ತೆರಿಗೆ, ಸರ್ಕಾರಿ ನೌಕರರ ಸಂಬಳದಲ್ಲಿ ಕಡಿತ, ಕೃಷಿ ಬ್ಯಾಂಕಿನ ಸಾಲ, ಬಕ್ರೀದ್ ಬಲಿಯ ಚರ್ಮ ಮಾರಿದ ಹಣ, ಎಲ್ಲ ಸೇರಿಸಿ ಕಟ್ಟಿದರು. ದೇಣಿಗೆ ಕೊಟ್ಟವರಿಗೆ ಪದಕ ಸಿಗುತ್ತಿತ್ತು. ಭಾರತದಿಂದಲೂ ಹಣ ಹೋಯಿತು. ಕಲಬುರಗಿ, ಬೀದರ್, ರಾಯಚೂರು ಸೇರಿದ್ದ ನಿಜಾಮ್ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ಅಬ್ದುಲ್ ಖಯ್ಯೂಮ್ ಎಂಬವರು ಈ ಸಂಗ್ರಹಕ್ಕಾಗಿ ದುಡಿದರು. ಮೈಸ್ನರ್ ಇದರಲ್ಲಿ ಸುಲ್ತಾನನ ಸರ್ಕಾರದ ಸಂಬಳದ ಮುಖ್ಯ ಇಂಜಿನಿಯರ್, ಜರ್ಮನಿಯ ಪ್ರತಿನಿಧಿಯಲ್ಲ. ‘ಪಾಷಾ’ ಎಂಬುದೂ ಮತಕ್ಕೆ ಸಂಬಂಧಿಸಿದ್ದಲ್ಲ. ಮಾರ್ಗ ಇಂದಿನ ಜೋರ್ಡಾನಿನ ಮಆನ್ ಮುಟ್ಟಿದ 1904ರಲ್ಲಿ ಸಿಕ್ಕ ಸರ್ಕಾರಿ ಪದವಿ ಅದು.

ಗೇಜ್ ವಿಚಾರದಲ್ಲಿ ತಂತ್ರಗಾರಿಕೆ ಏನೂ ಇಲ್ಲ. ಬೈರೂತ್ ಬಂದರಿನಿಂದ ಡಮಾಸ್ಕಸ್‌ಗೆ ಫ್ರೆಂಚ್ ಕಂಪನಿಯ ರೈಲು 1895ರಲ್ಲೇ ಓಡುತ್ತಿತ್ತು, ಅದರ ಗೇಜ್ 1,050. ಹೊಸ ಮಾರ್ಗದ ಹಳಿ, ಇಂಜಿನ್, ಬೋಲ್ಟ್, ಸಿಮೆಂಟ್ ಎಲ್ಲವೂ ಆ ಬಂದರಿನಿಂದ ಆ ಹಳಿಯ ಮೇಲೇ ಬರಬೇಕು. ಬೇರೆ ಗೇಜ್ ಹಾಕಿದರೆ ಡಮಾಸ್ಕಸ್‌ನಲ್ಲಿ ಪ್ರತಿ ವ್ಯಾಗನ್ ಇಳಿಸಿ ಮತ್ತೆ ತುಂಬಬೇಕು. ನಮ್ಮ ಹಳೆಯ ಮೀಟರ್ ಗೇಜಿಗೂ ಇದಕ್ಕೂ ಅಂತರ 50 ಮಿ.ಮೀ. ಮಾತ್ರ. ಆದರೂ ಮೀಟರ್ ಗೇಜ್ ಬಂಡಿಯನ್ನು ಅಲ್ಲಿ ಹಾಗೇ ಓಡಿಸಲಾಗದು. ಗಾಲಿಯ ಅಂಚಿಗೂ ಹಳಿಗೂ ನಡುವೆ ಇರಬೇಕಾದ ಸಡಿಲ ಕೆಲವೇ ಮಿ.ಮೀ. ಒಂದೊಂದು ಬದಿಗೆ 25 ಮಿ.ಮೀ. ಹೆಚ್ಚಾದರೆ ಬಂಡಿ ಓಲಾಡುತ್ತದೆ, ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಗಾಲಿ ದಾರಿ ತಪ್ಪುತ್ತದೆ.

ಈಗ ಮುಖ್ಯ ವಿಷಯ. ಇಂಥ ಮಾರ್ಗ ತಾನು ಹಾಕಿದ ಹಳಿಯ ಮೇಲೇ ಸಾಮಾನು ತರಿಸಿಕೊಂಡು ಮುಂದೆ ಸಾಗುತ್ತದೆ. ನಮ್ಮ ಜೋಡಿ ಹಳಿ ಕೆಲಸದಲ್ಲಿ ಪಕ್ಕದಲ್ಲೇ ಓಡುವ ಲೈನ್, ಅದರ ಪಕ್ಕ ರಸ್ತೆ, ಐದಾರು ಮೈಲಿಗೊಂದು ಊರು, ಊರಲ್ಲಿ ಬೋರ್‌ವೆಲ್ ಇರುತ್ತವೆ. ಅಲ್ಲಿ ಏನೂ ಇಲ್ಲ. ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಿ. ಹಿಜಾಜ್ ಹಳಿಯ ತೂಕ ಮೀಟರಿಗೆ 21.5 ಕಿಲೋ, ಎರಡು ಹಳಿ ಸೇರಿ ಕಿಲೋಮೀಟರಿಗೆ 43 ಟನ್. ಮುಕ್ಕಾಲು ಮೀಟರಿಗೊಂದು ಸ್ಲೀಪರ್, ಒಂದಕ್ಕೆ ನಲವತ್ತು ಕಿಲೋ ಎಂದಿಟ್ಟರೆ ಸ್ಲೀಪರಿಗೇ 53 ಟನ್. ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟ್, ಬೋಲ್ಟ್ ಸೇರಿಸಿ ನೂರು ಟನ್ ಎನ್ನಿ. ದಿನಕ್ಕೆ ಒಂದು ಕಿಲೋಮೀಟರ್ ಹಾಕಬೇಕಾದರೆ ದಿನಕ್ಕೆ ನೂರು ಟನ್ ಕಬ್ಬಿಣ ಹಳಿಯ ತುದಿ ಮುಟ್ಟಬೇಕು.

ಅದರ ಜೊತೆ ಐದು ಸಾವಿರ ಜನರಿಗೆ ನೀರು. ಕುಡಿಯಲು, ಬೇಯಿಸಲು ತಲೆಗೆ ಹತ್ತು ಲೀಟರ್ ಎಂದು ಕೈ ಬಿಗಿಹಿಡಿದು ಕೊಟ್ಟರೂ 50 ಟನ್. ಒಂಟೆ, ಹೇಸರಗತ್ತೆ, ಗಾರೆ ಕಲಸುವ ನೀರು ಬೇರೆ. ನೀರು ತರುವ ಇಂಜಿನ್ನೂ ನೀರು ಕುಡಿಯುತ್ತದೆ. ಆ ಕಾಲದ ಚಿಕ್ಕ ಉಗಿ ಇಂಜಿನ್ ತುಂಬಿದ ಗಾಡಿ ಎಳೆಯುವಾಗ ಕಿಲೋಮೀಟರಿಗೆ 80 ಲೀಟರ್ ಕುಡಿದರೆ, ಬಾವಿ ನೂರು ಕಿಲೋಮೀಟರ್ ಹಿಂದಿದ್ದರೆ, ಹೋಗಿ ಬರಲು ಅದಕ್ಕೇ 16 ಟನ್ ಬೇಕು. ಬಾವಿಯಿಂದ ದೂರ ಹೋದಷ್ಟೂ ನೀರಿನ ಗಾಡಿ ತನ್ನ ಹೊರೆಯನ್ನು ತಾನೇ ತಿನ್ನುತ್ತಾ ಹೋಗುತ್ತದೆ. ನೀರು, ಹಳಿ, ಆಹಾರ, ಕಲ್ಲಿದ್ದಲು ಎಲ್ಲ ಒಂದೇ ಒಂಟಿ ಹಳಿಯ ಮೇಲೆ ಬರಬೇಕು. ಎದುರು ಬರುವ ಖಾಲಿ ಗಾಡಿ ಪಕ್ಕಕ್ಕೆ ಸರಿದು ನಿಲ್ಲಲು ಲೂಪ್ ಲೈನ್ ಸಾಲದೆ ಹೋದರೆ ತುದಿಯಲ್ಲಿರುವ ಸಾವಿರಾರು ಜನ ಕೈಕಟ್ಟಿ ಕೂರುತ್ತಾರೆ. ನನ್ನ ಮಟ್ಟಿಗೆ ಮೈಸ್ನರ್ ಅವರ ನಿಜವಾದ ಕೆಲಸ ಇದೇ ಲೆಕ್ಕ. ಫೋಟೋದಲ್ಲಿ ಚಂದ ಕಾಣುವ ಅಮ್ಮಾನ್ ಬಳಿಯ ಹತ್ತು ಕಮಾನಿನ ಸೇತುವೆಯನ್ನು ಬೇರೆ ಯಾರಾದರೂ ಒಳ್ಳೆಯ ಇಂಜಿನಿಯರ್ ಕಟ್ಟಬಹುದಿತ್ತು.

ಈ ಕಣ್ಣಿನಿಂದ ನೋಡಿದರೆ ಹೈಫಾ ಶಾಖೆಯ ಮಹತ್ವ ತಿಳಿಯುತ್ತದೆ. ಬೈರೂತ್ ಮಾರ್ಗ ಲೆಬನಾನ್ ಬೆಟ್ಟ ಹತ್ತಿ ಇಳಿಯುತ್ತದೆ. ಕಡಿದಾದ ಕಡೆ ನಮ್ಮ ಊಟಿ ರೈಲಿನ ಹಾಗೆ ಹಲ್ಲಿನ ಹಳಿ. ಅಲ್ಲಿ ಗಾಡಿ ಚಿಕ್ಕದು, ನಿಧಾನ, ಬಾಡಿಗೆ ನಿರ್ಧರಿಸುವವರು ಫ್ರೆಂಚರು. ಡಮಾಸ್ಕಸ್‌ನಿಂದ ದಕ್ಷಿಣಕ್ಕೂ ಅದೇ ಕಂಪನಿಯ ಮಾರ್ಗವಿತ್ತು. ಕೊಳ್ಳಲು ಹೋದಾಗ ಬೆಲೆ ಕುದುರದೆ ಅದಕ್ಕೆ ಸಮಾನಾಂತರವಾಗಿ ದಕ್ಷಿಣ ಸಿರಿಯಾದ ದರಾ ತನಕ 123 ಕಿ.ಮೀ. ಹೊಸದಾಗಿಯೇ ಹಾಕಿದರು. ಸ್ವಂತ ಬಂದರು ಬೇಕೆಂದು ಹೈಫಾದಿಂದ ದರಾಕ್ಕೆ 161 ಕಿ.ಮೀ. ಶಾಖೆ ಮಾಡಿದರು. ಅಲ್ಲೊಂದು ಬ್ರಿಟಿಷ್ ಕಂಪನಿ ಶುರುಮಾಡಿ ಕೈಬಿಟ್ಟಿದ್ದ ಕೆಲಸವನ್ನು ಕೊಂಡು ಮುಂದುವರಿಸಿದ್ದು. ಈ ಶಾಖೆ ಜೋರ್ಡಾನ್ ಕಣಿವೆಯಲ್ಲಿ ಸಮುದ್ರಮಟ್ಟಕ್ಕಿಂತ 246 ಮೀಟರ್ ಕೆಳಗಿಳಿದು, ಯರ್ಮೂಕ್ ನದಿಯ ಕಮರಿ ಹಿಡಿದು ಸಮುದ್ರಮಟ್ಟದಿಂದ ಐನೂರು ಮೀಟರ್ ಮೇಲಿರುವ ದರಾಕ್ಕೆ ಏರುತ್ತದೆ. ಇಡೀ ಯೋಜನೆಯ ಸುರಂಗಗಳಲ್ಲಿ ಹೆಚ್ಚಿನವು ಇಲ್ಲೇ. ತೆರೆದದ್ದು 1905ರ ಅಕ್ಟೋಬರಿನಲ್ಲಿ. ಫಲ ಏನು ನೋಡಿ. 1900ರ ಸೆಪ್ಟೆಂಬರಿನಿಂದ 1904ರ ಸೆಪ್ಟೆಂಬರ್ ತನಕ ಮುಖ್ಯ ಮಾರ್ಗ ಮುಟ್ಟಿದ್ದು ಮಆನ್, 459ನೇ ಕಿಲೋಮೀಟರ್. ಮುಂದಿನ ನಾಲ್ಕು ವರ್ಷದಲ್ಲಿ 843 ಕಿ.ಮೀ. ಸಾಗಿ 1,302ನೇ ಕಿಲೋಮೀಟರಿನ ಮದೀನಾ ತಲುಪಿತು. ಜನ ಹೆಚ್ಚು ಬೆವರು ಸುರಿಸಿದ್ದರಿಂದ ಮಾತ್ರ ಆದದ್ದಲ್ಲ, ಬಂದರು ಕೈಗೆ ಬಂತು. ದಕ್ಷಿಣದ ನೆಲ ಚಪ್ಪಟೆ ಎಂಬುದನ್ನೂ ಸೇರಿಸಿಕೊಳ್ಳಿ.

ಸೇತುವೆಗಳನ್ನೂ ಹೀಗೇ ನೋಡಬೇಕು. ಟರ್ಕಿಯ ಲೆಕ್ಕದಲ್ಲಿ ಒಟ್ಟು 2,666 ಕಲ್ಲಿನ ಸೇತುವೆ, ಮೋರಿಗಳಿವೆ, ಕಬ್ಬಿಣದ ಸೇತುವೆ ಬರೀ ಏಳು. ಕಲ್ಲು ಸೈಟಿನಲ್ಲೇ ಸಿಗುತ್ತದೆ, ಕಬ್ಬಿಣದ ತೊಲೆ ಹಳಿಯ ಮೇಲೆ ಬರಬೇಕು. ಹಳಿ ಅಲ್ಲಿಗೆ ಬರುವ ಮೊದಲೇ ಸೇತುವೆ ಸಿದ್ಧವಿರಬೇಕಾದ್ದರಿಂದ ಕಬ್ಬಿಣ ಆಯ್ದರೆ ಇಡೀ ಸರಪಳಿ ನಿಲ್ಲುತ್ತದೆ. ಕುಟಿಗರನ್ನು ಮುಂದೆ ಕಳಿಸಿ ಕಮಾನು ಕಟ್ಟಿಸಿದರೆ ಹಳಿ ಬಂದ ದಿನ ದಾಟಿಹೋಗಬಹುದು. ಅಷ್ಟು ಮೋರಿ ಬೇಕಾದ್ದು ಏಕೆಂದರೆ ಮರುಭೂಮಿಯ ಹಳ್ಳ ಮೂರು ವರ್ಷ ಒಣಗಿದ್ದು ಒಂದು ರಾತ್ರಿ ತುಂಬಿ ಹರಿಯುತ್ತದೆ. ಮಳೆಯ ದಾಖಲೆ ಇಲ್ಲದ ಕಡೆ ಹಳ್ಳದ ಅಗಲ, ದಡದ ಮೇಲೆ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರ, ಉರುಳಿ ಬಂದ ಕಲ್ಲಿನ ಗಾತ್ರ ನೋಡಿ ತೂಬಿನ ಅಳತೆ ನಿರ್ಧರಿಸಬೇಕು. ಎರಡು ಚಿಕ್ಕ ಹಳ್ಳಗಳನ್ನು ಒಂದೇ ಮೋರಿಗೆ ತಿರುಗಿಸಿ ಖರ್ಚು ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ಪ್ರವಾಹದಲ್ಲೇ ಏರಿ ಕೊಚ್ಚಿಹೋಗುವುದು ಹಾಗೆ ಮಾಡಿದ ಕಡೆ.

ಸ್ಲೀಪರ್ ಬಗ್ಗೆ ನೀವು ಓದಿದ್ದು ಅರ್ಧ ಸರಿ. ಮರ ಸಿಕ್ಕರೆ ಸೌದೆಯಾಗುತ್ತಿತ್ತು, ನಿಜ. ಅದಕ್ಕಿಂತ ದೊಡ್ಡ ಕಾರಣ ಗೆದ್ದಲು ಮತ್ತು ಒಣಹವೆ. ಮಧ್ಯಾಹ್ನ ಸುಟ್ಟು ರಾತ್ರಿ ತಣಿಯುವ ಕಡೆ ಮರ ಸೀಳುತ್ತದೆ, ಮೊಳೆ ಹಿಡಿತ ಬಿಡುತ್ತದೆ, ಗೇಜ್ ಅಗಲವಾಗುತ್ತದೆ. ಹತ್ತಿರದಲ್ಲಿ ಕಾಡೂ ಇಲ್ಲ. ಉಕ್ಕಿನ ಸ್ಲೀಪರ್ ತೊಟ್ಟಿ ಮಗುಚಿದಂಥ ಆಕಾರದ್ದು, ಒಂದರೊಳಗೊಂದು ಕೂರುವುದರಿಂದ ವ್ಯಾಗನ್ನಿನಲ್ಲಿ ಹೆಚ್ಚು ಹಿಡಿಸುತ್ತದೆ. ಅದರ ದೋಷ ಮೂರು. ಉಪ್ಪಿನ ನೆಲದಲ್ಲಿ ತುಕ್ಕು ತಿನ್ನುತ್ತದೆ. ಜಲ್ಲಿಯನ್ನು ಅದರ ಹೊಟ್ಟೆಯೊಳಗೆ ಬಿಗಿಯಾಗಿ ತುರುಕದಿದ್ದರೆ ಗಾಡಿ ಹೋದಾಗೆಲ್ಲ ಏಳುತ್ತದೆ, ಕೂರುತ್ತದೆ. ಮೂರನೆಯದು ಯುದ್ಧದಲ್ಲಿ ಗೊತ್ತಾಯಿತು, ಮುಂದೆ ಹೇಳುತ್ತೇನೆ. ಈಗ ನಿಮಗೆ ಕೊಡುವುದು ಕಾಂಕ್ರೀಟ್ ಸ್ಲೀಪರೇ. ಆದರೆ ಉಪ್ಪಿನ ನೆಲ ಅದನ್ನೂ ಬಿಡುವುದಿಲ್ಲ. ಒಳಗಿನ ಕಂಬಿಗೂ ಕ್ಲಿಪ್ಪಿಗೂ ತುಕ್ಕು ಹಿಡಿಸುತ್ತದೆ.

ಹಳಿ ಜೋಡಣೆಯಲ್ಲೂ ಮರುಭೂಮಿ ಕೈಕೊಡುವ ಜಾಗವೊಂದಿದೆ. ಹತ್ತು ಮೀಟರಿನ ಹಳಿ 50 ಡಿಗ್ರಿ ಬಿಸಿಯಾದರೆ ಆರು ಮಿ.ಮೀ. ಹತ್ತಿರ ಬೆಳೆಯುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಸಂದು ಬಿಡದೆ ಬಿಗಿದರೆ ಮಧ್ಯಾಹ್ನ ಹಳಿ ಹಾವಿನಂತೆ ಹೊರಳುತ್ತದೆ. ಉರಿಬಿಸಿಲಿನಲ್ಲಿ ದೊಡ್ಡ ಸಂದು ಬಿಟ್ಟು ಬಿಗಿದರೆ ರಾತ್ರಿ ಅದು ಇನ್ನೂ ಬಾಯಿಬಿಟ್ಟು ಬೋಲ್ಟ್ ಕತ್ತರಿಸುತ್ತದೆ. ಇದು ನಿಮಗೆ ಹೊಸದಲ್ಲ. ರಾಯಚೂರಿನ ಬೇಸಿಗೆಯಲ್ಲಿ ಹಳಿ ಹಾಕಿದವರಿಗೆ ಅಳತೆ ಮಾತ್ರ ಬದಲು.

ಮಆನ್‌ನಿಂದ ದಕ್ಷಿಣಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಹೋದರೆ ಪ್ರಸ್ಥಭೂಮಿ ಥಟ್ಟನೆ ಮುಗಿದು ಪ್ರಪಾತ ಬರುತ್ತದೆ. ಅರಬ್ಬರು ಅದನ್ನು ಬತ್ನ್ ಅಲ್ ಘೂಲ್, ಅಂದರೆ ದೆವ್ವದ ಹೊಟ್ಟೆ ಎನ್ನುತ್ತಾರೆ. ಇಂಥ ಜಾಗದಲ್ಲಿ ಇಂಜಿನಿಯರಿಗೆ ಇರುವ ದಾರಿಗಳು ಕಡಿಮೆ. ಹಲ್ಲಿನ ಹಳಿ ಹಾಕಿದರೆ ಬೈರೂತ್ ಮಾರ್ಗದ ಕುತ್ತಿಗೆಹಿಸುಕು ಮತ್ತೊಮ್ಮೆ. ದೂರ ಸುತ್ತಿಸಿ ಸಲೀಸಾಗಿ ಇಳಿಸಿದರೆ ನೀರಿಲ್ಲದ ಕಡೆ ಹತ್ತಾರು ಕಿಲೋಮೀಟರ್ ಹೆಚ್ಚು. ಮೂರನೆಯದು, ಬಿಗಿ ತಿರುವುಗಳಲ್ಲಿ ಹೊರಳಿಸುತ್ತಾ ಸಾವಿರ ಮೀಟರಿಗೆ 18 ಮೀಟರ್ ಇಳಿಜಾರಿನಲ್ಲಿ ಇಳಿಸುವುದು. ಅವರು ಆಯ್ದದ್ದು ಮೂರನೆಯದನ್ನು. ಅದರ ಬೆಲೆ ಏನು? ಚಪ್ಪಟೆ ನೆಲದಲ್ಲಿ ಟನ್ನಿಗೆ ನಾಲ್ಕೈದು ಕಿಲೋ ಎಳೆತ ಸಾಕು. ಈ ಏರಿನಲ್ಲಿ ಅದಕ್ಕೆ 18 ಸೇರುತ್ತದೆ. ಅಂದರೆ ಇಂಜಿನ್ ಮೇಲಕ್ಕೆ ಎಳೆಯಬಲ್ಲದ್ದು ಚಪ್ಪಟೆಯಲ್ಲಿ ಎಳೆಯುವುದರ ಐದನೇ ಒಂದು ಭಾಗ. ಆದರೆ ಇಲ್ಲೊಂದು ಅನುಕೂಲವಿದೆ. ಕಟ್ಟುವಾಗ ತುಂಬಿದ ಗಾಡಿ ದಕ್ಷಿಣಕ್ಕೆ, ಇಳಿಜಾರಿನ ಕಡೆಗೆ ಹೋಗುತ್ತದೆ, ಖಾಲಿ ವ್ಯಾಗನ್ ಹತ್ತುತ್ತದೆ. ಬ್ರೇಕ್ ಸರಿಯಿದ್ದರೆ ಕಾಮಗಾರಿಯ ಸಾಗಣೆಗೆ ಈ ಪ್ರಪಾತ ಅಷ್ಟೇನೂ ಅಡ್ಡಿಯಲ್ಲ.

ಆಳುಗಳು ಹೆಚ್ಚಾಗಿ ಸೈನಿಕರು. ಸಂಬಳದ ಮೇಲೆ ಭತ್ಯೆ, ಸೇವಾ ಅವಧಿಯಲ್ಲಿ ಕಡಿತ ಎಂಬ ಆಸೆ ತೋರಿಸಿ ಕರೆತಂದಿದ್ದರು. ಮಣ್ಣು ಕೆಲಸ, ಹಳಿ ಕೆಲಸ ಅವರದು. ಕಲ್ಲಿನ ಕೆಲಸಕ್ಕೆ ಇಟಲಿ, ಗ್ರೀಸ್ ಕಡೆಯ ಕಸುಬಿನವರು. ಕಾಲರಾ ಬಂತು, ತರಕಾರಿ ಇಲ್ಲದೆ ಒಸಡು ಕೊಳೆಯುವ ಸ್ಕರ್ವಿಯೂ ಬಂತು. ಮೈಸ್ನರ್ ಕೈಕೆಳಗೆ ಒಂದು ಹಂತದಲ್ಲಿ 43 ಇಂಜಿನಿಯರ್‌ಗಳಿದ್ದರು. ಅವರಲ್ಲಿ 17 ಮಂದಿ ಆಟೊಮನ್ನರು, 12 ಜರ್ಮನರು, ಉಳಿದವರು ಇಟಲಿ, ಫ್ರಾನ್ಸ್, ಆಸ್ಟ್ರಿಯಾ ಮುಂತಾದ ಕಡೆಯವರು. ಜನ ಮತ್ತು ದುಡ್ಡಿನ ಮೇಲೆ ಅವರಿಗೆ ಪೂರ್ತಿ ಹಿಡಿತ ಇರಲಿಲ್ಲ. ಹಣ ಇಸ್ತಾಂಬುಲ್ ಮತ್ತು ಡಮಾಸ್ಕಸ್‌ನ ಸಮಿತಿಗಳ ಕೈಯಲ್ಲಿ, ಸೈನಿಕರು ಸೇನಾಧಿಕಾರಿ ಕಾಜಿಂ ಪಾಷಾ ಕೈಯಲ್ಲಿ, ವಿನ್ಯಾಸ ಮತ್ತು ಕೆಲಸದ ಮೇಲ್ವಿಚಾರಣೆ ಮೈಸ್ನರ್ ಕೈಯಲ್ಲಿ. ಈ ಮೂರು ಕೈಗಳ ನಡುವಿನ ಜಗ್ಗಾಟ ಹೊರದೇಶದ ಯಾವ ಸೈಟಿನಲ್ಲೂ ಇದ್ದೇ ಇರುತ್ತದೆ. ಹೆಸರು ಮಾತ್ರ ಕ್ಲೈಂಟ್, ಕನ್ಸಲ್ಟೆಂಟ್, ಕಾಂಟ್ರಾಕ್ಟರ್ ಅಂತ ಬೇರೆ.

ಮತ ಬದಲಿಸಿ ಮದೀನಾ ತಲುಪಿದರು ಎಂಬುದಕ್ಕೆ ಬುಡವಿಲ್ಲ. ಅವರು ಮದೀನಾಕ್ಕೆ ಹಳಿ ಹಾಕಿಸಲು ಹೋಗಲೇ ಇಲ್ಲ. ಮದಾಯಿನ್ ಸಾಲಿಹ್, ಅಲ್ ಉಲಾ ಆಚೆಗೆ ಮುಸಲ್ಮಾನರಲ್ಲದವರಿಗೆ ಪ್ರವೇಶವಿರಲಿಲ್ಲ. 980ನೇ ಕಿಲೋಮೀಟರಿನ ಅಲ್ ಉಲಾದಿಂದ ಮದೀನಾ ತನಕ 322 ಕಿ.ಮೀ. ಕೆಲಸ ಮುಸಲ್ಮಾನ ಇಂಜಿನಿಯರ್‌ಗಳದು, ಮುಂದಾಳು ಹಾಜಿ ಮುಖ್ತಾರ್ ಬೇ. 1900ರಲ್ಲಿ ಹಜ್ ಯಾತ್ರಿಕರ ಒಂಟೆಸಾಲಿನ ಜೊತೆ ನಡೆದು ಇಡೀ ದಾರಿಯ ಮೊದಲ ಸರ್ವೆ ಮಾಡಿದವರೂ ಇವರೇ. ಆ 322 ಕಿ.ಮೀ. ಮುಗಿದದ್ದು 1907ರ ಸೆಪ್ಟೆಂಬರಿನಿಂದ 1908ರ ಸೆಪ್ಟೆಂಬರಿನೊಳಗೆ, ಅಂದರೆ ಇಡೀ ಯೋಜನೆಯ ಅತಿ ವೇಗದ ವರ್ಷಗಳಲ್ಲಿ ಒಂದು, ಜರ್ಮನ್ ಮುಖ್ಯ ಇಂಜಿನಿಯರ್ ಸ್ಥಳದಲ್ಲಿ ಇಲ್ಲದ ವರ್ಷ. ಮೈಸ್ನರ್ ಅವರ ಹೆಗ್ಗಳಿಕೆ ಇದರಿಂದ ಕುಗ್ಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ಕೆಳಗೆ ಉತ್ತರದಲ್ಲಿ ಪಳಗಿದ ಟರ್ಕಿಯ ಹುಡುಗರು ದಕ್ಷಿಣದಲ್ಲಿ ತಾವೇ ನಡೆಸಿದರು. ಆದರೆ ‘ಜರ್ಮನ್ನನೊಬ್ಬ ಕಟ್ಟಿದ ರೈಲು’ ಎಂದು ಬರೆಯುವವರು ಮುಖ್ತಾರ್ ಬೇ ಹೆಸರು ಬಿಡುವುದು ಅನ್ಯಾಯ.

ಇನ್ನು ಲಾರೆನ್ಸ್. 1917, 18ರಲ್ಲಿ ಅರಬ್ ದಂಗೆಕೋರರು ಮತ್ತು ಬ್ರಿಟಿಷರು ಈ ಮಾರ್ಗವನ್ನು ನೂರಾರು ಕಡೆ ಮುರಿದದ್ದು ನಿಜ. ಉಕ್ಕಿನ ಸ್ಲೀಪರಿನ ಮೂರನೆಯ ದೋಷ ಇಲ್ಲಿ ಬಯಲಾಯಿತು. ಅದರ ಟೊಳ್ಳು ಹೊಟ್ಟೆಯ ಕೆಳಗೆ ನಡುಮಧ್ಯಕ್ಕೆ ಸ್ವಲ್ಪ ಸಿಡಿಮದ್ದು ಇಟ್ಟರೆ ಸ್ಲೀಪರ್ ಹೂವಿನಂತೆ ಮೇಲಕ್ಕೆ ಬಾಗಿ ಎರಡೂ ಹಳಿಯನ್ನು ಒಳಕ್ಕೆ ಜಗ್ಗಿ ತಿರುಚುತ್ತದೆ. ಅದಕ್ಕೆ ‘ಟ್ಯೂಲಿಪ್’ ಎಂದೇ ಹೆಸರಿಟ್ಟಿದ್ದರು. ಬರೀ ಸಂದು ಸಿಡಿಸಿದರೆ ಹಳಿಯ ತುದಿ ಕತ್ತರಿಸಿ ಮತ್ತೆ ಕೂಡಿಸಬಹುದು, ತಿರುಚಿದ ಹಳಿ ಗುಜರಿಗೇ. ಇಷ್ಟಾದರೂ ಟರ್ಕಿಯ ದುರಸ್ತಿ ತಂಡಗಳು ಮಾರ್ಗವನ್ನು ಮತ್ತೆ ಮತ್ತೆ ಓಡಿಸಿದವು. ಹೆಚ್ಚು ಪೆಟ್ಟು ಕೊಟ್ಟದ್ದು 1918ರ ಆಗಸ್ಟಿನಲ್ಲಿ ಮುದವ್ವರಾ ಎಂಬ ನಿಲ್ದಾಣದ ನೀರಿನ ವ್ಯವಸ್ಥೆಯನ್ನು ಬ್ರಿಟಿಷ್ ಒಂಟೆದಳ ಹಾಳುಮಾಡಿದ್ದು. ಮಆನ್ ಮತ್ತು ತಬೂಕ್ ನಡುವೆ 233 ಕಿ.ಮೀ., ಮಧ್ಯದಲ್ಲಿ ನಂಬುವಂಥ ನೀರು ಅಲ್ಲೊಂದೇ. ಕಟ್ಟುವಾಗ ಕಾಡಿದ ಅದೇ ಲೆಕ್ಕ! ಹಳಿ ಮುರಿದರೆ ಎರಡು ದಿನ, ನೀರು ಮುರಿದರೆ ಗಾಡಿಯೇ ಇಲ್ಲ. ಮದೀನಾದಲ್ಲಿದ್ದ ಟರ್ಕಿಯ ಸೇನಾಪತಿ ಫಖ್ರಿ ಪಾಷಾ ಮಾತ್ರ ಯುದ್ಧ ನಿಂತ ಮೇಲೂ ಹಟ ಹಿಡಿದು 1919ರ ಜನವರಿ ತನಕ ಶರಣಾಗಲಿಲ್ಲ.

ನಿಮ್ಮ ಮನೆ ಪಕ್ಕದ ಸ್ಮಾರಕದ ಕೊಂಡಿಯೂ ಇಲ್ಲೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಹಿಡಿದ ಹೈಫಾ ಈ ರೈಲಿನ ಬಂದರು. ಅಕ್ಟೋಬರ್ 26ರಂದು ಅದೇ ದಳ ಹೋರಾಡಿದ್ದು ಅಲೆಪ್ಪೊ ಆಚೆಯ ಹರಿತಾನ್ ಬಳಿ, ಮೈಸ್ನರ್ ದುಡಿದ ಇನ್ನೊಂದು ರೈಲು, ಬಾಗ್ದಾದ್ ಮಾರ್ಗ, ಹಾದುಹೋಗುವ ಸೀಮೆಯಲ್ಲಿ.

ಆ ಬಾಗ್ದಾದ್ ಕೆಲಸದಲ್ಲಿ ಅವರು ಇಳಿದದ್ದು ಹಿಜಾಜ್ ಮುಗಿದ ಮೇಲೆ. ಅದು 1,435 ಮಿ.ಮೀ. ಗೇಜ್. ಬಾಗ್ದಾದ್ ತುದಿಯಿಂದ ಶುರುಮಾಡಿದ ತುಂಡಿಗೆ ಸಾಮಾನು ಬಸ್ರಾದಿಂದ ಟೈಗ್ರಿಸ್ ನದಿಯ ಮೇಲೆ ದೋಣಿಗಳಲ್ಲಿ ಬರಬೇಕಾಯಿತು. 1914ರಲ್ಲಿ ಸಮರ್ರಾ ತನಕ ಗಾಡಿ ಓಡಿತು. ಯುದ್ಧ ಶುರುವಾದಾಗ ಸೂಯೆಜ್ ಕಡೆಗೆ ಸೇನೆ ಸಾಗಿಸಲು ಪ್ಯಾಲೆಸ್ಟೈನಿನಲ್ಲಿ ಬೀರ್‌ಶೆಬಾ ತನಕ ಆತುರದ ಮಾರ್ಗ ಹಾಕಿಸಿದರು. ಅದು 1915ರ ಅಕ್ಟೋಬರಿನಲ್ಲಿ ತೆರೆಯಿತು. ಸಮುದ್ರದಲ್ಲಿ ದಿಗ್ಬಂಧನ, ಹೊಸ ಹಳಿ ಬರುವಂತಿಲ್ಲ. ಜಾಫಾ ಕಡೆಯ ಫ್ರೆಂಚ್ ಮಾರ್ಗದ ಹಳಿ ಕಿತ್ತು ಇಲ್ಲಿ ಹಾಕಿದರು. ಕಲ್ಲಿದ್ದಲಿಲ್ಲದೆ ಇಂಜಿನ್ನಿಗೆ ಆಲಿವ್ ಮರಗಳನ್ನೂ ಕಡಿದು ತುಂಬಿದರು. ಜನರ ತೋಟ ಕಡಿದು ಓಡಿಸಿದ ರೈಲನ್ನು ಇಂಜಿನಿಯರಿಂಗ್ ಸಾಹಸ ಎಂದಷ್ಟೇ ಹೊಗಳಲು ನನ್ನಿಂದಾಗದು. ಸೋಲಿನ ಬಳಿಕ ಜರ್ಮನಿಗೆ ಮರಳಿದ ಅವರನ್ನು 1924ರಲ್ಲಿ ಹೊಸ ಟರ್ಕಿ ಗಣರಾಜ್ಯ ಮತ್ತೆ ಕರೆಯಿತು. ರೈಲ್ವೆಗೆ ಸಲಹೆ ಕೊಟ್ಟರು, ಇಂಜಿನಿಯರಿಂಗ್ ಶಾಲೆಯಲ್ಲಿ ಪಾಠ ಹೇಳಿದರು. 1940ರಲ್ಲಿ ಇಸ್ತಾಂಬುಲ್‌ನಲ್ಲೇ ತೀರಿಕೊಂಡರು.

ಈಗ ನಿಮ್ಮ ಕೆಲಸ. ‘ಅಲ್ಲಿ ಹೋಗಿ ಕಲಿತರಾಯಿತು’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಮಣ್ಣು, ಜಲ್ಲಿ, ಲೆವೆಲ್, ಗೇಜ್ ನಿಮಗೆ ಗೊತ್ತು. ಗೊತ್ತಿಲ್ಲದ್ದು ಮರಳಿನ ನಡತೆ. ಬೀಸುವ ಮರಳಿನ ಕಡೆ ಕಟಿಂಗ್, ಅಂದರೆ ನೆಲ ಅಗೆದು ತಗ್ಗಿನಲ್ಲಿ ಹಳಿ ಹಾಕುವುದು, ಆದಷ್ಟು ಬೇಡ. ತಗ್ಗಿನಲ್ಲಿ ಗಾಳಿಯ ವೇಗ ಸತ್ತು ಮರಳು ಬಿದ್ದು ಹಳಿ ಹೂಳುತ್ತದೆ. ಒಂದೆರಡು ಮೀಟರ್ ಎತ್ತರದ, ಬದಿ ನಿಧಾನ ಇಳಿಜಾರಿನ ಏರಿಯ ಮೇಲೆ ಗಾಳಿ ತಾನೇ ಗುಡಿಸಿಕೊಂಡು ಹೋಗುತ್ತದೆ. ಏರಿಯ ಬದಿಗೆ ಜೇಡಿಮಣ್ಣೋ ಕಲ್ಲೋ ಹೊದಿಸದಿದ್ದರೆ ಅದೇ ಗಾಳಿ ಏರಿಯನ್ನೂ ತಿನ್ನುತ್ತದೆ. ಮರಳು ತಡೆಯ ಬೇಲಿಯನ್ನು ಹಳಿಗೆ ತೀರಾ ಹತ್ತಿರ ಹಾಕಿದರೆ ಬೇಲಿ ಹಿಂದಿನ ದಿಬ್ಬ ಬೆಳೆದು ಹಳಿಯ ಮೇಲೇ ಬರುತ್ತದೆ. ಮರಳು ತುಂಬಿದ ಜಲ್ಲಿ ಸ್ಪ್ರಿಂಗಿನ ಗುಣ ಕಳೆದುಕೊಂಡು ಕಲ್ಲುಹಾಸಾಗುತ್ತದೆ. ಆಮೇಲೆ ಸ್ಲೀಪರ್ ಬಿರಿಯುತ್ತದೆ, ಹಳಿ ಸವೆಯುತ್ತದೆ, ಜಲ್ಲಿ ಬಿಗಿಯುವ ಟ್ಯಾಂಪಿಂಗ್ ಮಷಿನ್ನಿನ ಹಲ್ಲೂ ಸವೆಯುತ್ತದೆ.

ಒಪ್ಪುವ ಮೊದಲು ಕಂಪನಿಯನ್ನು ಕೇಳಬೇಕಾದ್ದು ಸಂಬಳದ ಜೊತೆ ಇನ್ನೂ ಕೆಲವಿವೆ. ನಿಮ್ಮ ತುಂಡಿಗೆ ಹಳಿ ಮತ್ತು ಸ್ಲೀಪರ್ ಯಾವ ಬಂದರಿನಿಂದ, ಯಾರ ಸುಪರ್ದಿಯಲ್ಲಿ ಬರುತ್ತದೆ? ಕ್ಯಾಂಪಿಗೆ, ಮಣ್ಣು ದಮ್ಮಸು ಮಾಡಲು ನೀರು ಎಲ್ಲಿಂದ, ಎಷ್ಟು ದೂರದಿಂದ? ಮೋರಿಯ ಅಳತೆ ಸಾಲದೆಂದು ನಿಮಗೆ ಕಂಡರೆ ಬದಲಿಸುವ ಅಧಿಕಾರ ಯಾರಿಗೆ, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ? ಗುತ್ತಿಗೆದಾರನ ಕಡೆ ಸೇರಿದರೆ ಕೈಕೆಲಸ ಬೇಗ ಕಲಿಯುತ್ತೀರಿ, ಆದರೆ ಸಾಮಾನು ತಡವಾದ ದಿನದ ಬೈಗುಳವೂ ನಿಮ್ಮ ತಲೆಗೇ. ಕನ್ಸಲ್ಟೆಂಟ್ ಕಡೆಯಾದರೆ ಕೆಲಸ ನಿಲ್ಲಿಸುವ ಅಧಿಕಾರ ಸಿಗುತ್ತದೆ, ಮಾಡಿಸಿ ಕಲಿಯುವ ಅವಕಾಶ ಕಡಿಮೆ. ಐದು ವರ್ಷ ಸೈಟ್ ನೋಡಿದ ನಿಮಗೆ ಮೊದಲನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಆದರೆ ಮೇಲಿನ ಮೂರಕ್ಕೂ ಉತ್ತರ ಬರವಣಿಗೆಯಲ್ಲಿ ಸಿಗಬೇಕು. ಮತ್ತೆ, ಹೊರಡುವ ಮೊದಲು ಮೂರು ತಿಂಗಳು ಅರಬ್ಬಿ ಕಲಿಯಿರಿ. ಎಡ, ಬಲ, ಎತ್ತು, ಇಳಿಸು, ನಿಲ್ಲಿಸು ಎನ್ನುವಷ್ಟಾದರೂ ಸಾಕು.

ರಜೆ ಸಿಕ್ಕಾಗ ತಬೂಕ್, ಮದಾಯಿನ್ ಸಾಲಿಹ್ ಮತ್ತು ಮದೀನಾದ ಹಳೆಯ ನಿಲ್ದಾಣಗಳನ್ನು ನೋಡಬಹುದು. ಸೌದಿಯಲ್ಲಿ ಹಳಿ ಬಹುತೇಕ ಎದ್ದುಹೋಗಿದೆ, ಏರಿ ಮತ್ತು ಮೋರಿಗಳು ಉಳಿದಿವೆ. ಕಟ್ಟಡದ ಫೋಟೋ ಎಲ್ಲರೂ ತೆಗೆಯುತ್ತಾರೆ. ನೀವು ಒಂದು ಮೋರಿಯ ಕೆಳಗಿಳಿದು, ಹರಿವಿನ ಕೆಳಬದಿಯಲ್ಲಿ ತಳಹಾಸಿನ ಕಲ್ಲು ಎಷ್ಟು ದೂರ ಹೋಗಿದೆ, ಅದರ ತುದಿಯಲ್ಲಿ ನೆಲ ಎಷ್ಟು ಕೊರೆದಿದೆ ಎಂದು ಟೇಪ್ ಹಿಡಿದು ಅಳೆಯಿರಿ. ಆ ಹಳ್ಳದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬಂದ ನೀರಿನ ಗುರುತು ಅದು. ನಿಮ್ಮ ಹೊಸ ಮಾರ್ಗ ಅದೇ ಸೀಮೆಯ ಹಳ್ಳಗಳನ್ನು ದಾಟುವುದಾದರೆ ಆ ಅಳತೆ ಡೈರಿಯಲ್ಲಿರಲಿ.